ಹದಿನಾರು ದಿನ, ಒಂದು ಇ-ಸಿಮ್: ಹ್ಯಾನೋವರ್‌ನಿಂದ ಬಾಸೆಲ್‌ವರೆಗೆ

ಬೆಳಗಾವಿಯವರಿಗೆ ರೋಮಿಂಗ್ ಎಂದರೇನೆಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಿಪ್ಪಾಣಿ ದಾಟಿ ಕಾಗಲ್ ಸಮೀಪಿಸುತ್ತಿದ್ದಂತೆ, ಅಥವಾ ಚೋರ್ಲಾ ಘಾಟಿನಿಂದ ಗೋವೆಯ ಕಡೆಗೆ ಇಳಿಯತೊಡಗಿದಂತೆ ಫೋನಿಗೆ ಸ್ವಾಗತದ ಸಂದೇಶವೊಂದು ಬಂದು, ಅಲ್ಲಿಂದ ಮುಂದೆ ಬಂದ ಕರೆಯನ್ನು ಎತ್ತಿಕೊಂಡರೂ ದುಡ್ಡು ಕಡಿತವಾಗುತ್ತಿದ್ದ ಕಾಲವನ್ನು ನಮ್ಮಲ್ಲಿ ನಲವತ್ತು ದಾಟಿದವರೆಲ್ಲ ಕಂಡಿದ್ದೇವೆ. ಗಡಿಯಂಚಿನ ಊರುಗಳಲ್ಲಂತೂ ಪಡಸಾಲೆಯಲ್ಲಿ ಕರ್ನಾಟಕದ ಟವರ್, ಹಿತ್ತಲಿನಲ್ಲಿ ಮಹಾರಾಷ್ಟ್ರದ ಟವರ್ ಸಿಗುತ್ತಿದ್ದುದರಿಂದ, ಕರೆ ಬಂದಾಗ ಮನೆಯ ಯಾವ ಮೂಲೆಯಲ್ಲಿ ನಿಂತು ಮಾತನಾಡಬೇಕೆಂಬುದನ್ನು ಜನ ರೂಢಿಯಿಂದಲೇ ಬಲ್ಲವರಾಗಿದ್ದರು. ಇಂಥ ಊರಿನವನಾದ ನಾನು ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಅದೇ ಪಾಠವನ್ನು ಮತ್ತೆ ಕಲಿಯಬೇಕಾಯಿತು. ಆ ಒಂದು ದಿನವನ್ನು ಬಿಟ್ಟರೆ, ನಾನು ಕೊಂಡಿದ್ದ ಪ್ರಯಾಣದ ಇ-ಸಿಮ್ (ಕೈಯಲ್ಲಿ ಹಿಡಿಯುವ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಹದಿನಾರು ದಿನಗಳಲ್ಲಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆ ಚೆನ್ನಾಗಿ ಎಂಬ ಮಾತಿಗೆ ಇರುವ ಷರತ್ತುಗಳನ್ನು ವಿವರಿಸುವುದೇ ಈ ವಿಮರ್ಶೆಯ ಉದ್ದೇಶ.

ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಬಿಡಿಭಾಗಗಳನ್ನು ತಯಾರಿಸುವ ಚಿಕ್ಕ ಘಟಕವೊಂದನ್ನು ನಾನೂ ನನ್ನ ಕಾಕಾ ಅವರೂ ಸೇರಿ ನಡೆಸುತ್ತೇವೆ. 1947ರಲ್ಲಿ ಆರಂಭವಾದ ಹ್ಯಾನೋವರ್ ಕೈಗಾರಿಕಾ ಮೇಳವನ್ನು ಒಮ್ಮೆಯಾದರೂ ನೋಡಬೇಕೆಂಬ ಅವರ ಬಹುದಿನದ ಆಸೆ ಈ ಏಪ್ರಿಲ್‌ನಲ್ಲಿ ಕೈಗೂಡಿತು. ಮೇಳ ಮುಗಿಸಿ ದಕ್ಷಿಣಕ್ಕೆ ಫ್ರೈಬುರ್ಗ್‌ಗೆ ಹೋಗಿ ಗ್ರಾಹಕರೊಬ್ಬರನ್ನು ಕಂಡು, ಅಲ್ಲಿಂದ ಒಂದು ದಿನ ಬಾಸೆಲ್‌ನಲ್ಲಿ ಹಳೆಯ ಗ್ರೈಂಡಿಂಗ್ ಯಂತ್ರವೊಂದನ್ನು ನೋಡಿ ಬರುವುದೆಂದು ನಿಶ್ಚಯವಾಗಿತ್ತು. ಟಿಕೆಟ್ಟು, ವೀಸಾ ಎಲ್ಲ ಮುಗಿದ ಮೇಲೆ ಉಳಿದದ್ದು ಫೋನಿನ ಪ್ರಶ್ನೆ.

ದಾರಿಗಳು ಮೂರು. ನಮ್ಮದೇ ಕಂಪನಿಯ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಆದರೆ ನಮ್ಮ ದಿನಗಳಿಗೆ ಹೊಂದುವಂಥದ್ದು ತಲೆಗೆ ಮೂರರಿಂದ ನಾಲ್ಕು ಸಾವಿರ ರೂಪಾಯಿಯಾಗುತ್ತಿತ್ತು. ಎರಡನೆಯದು ಅಲ್ಲಿಗೆ ಹೋಗಿ ಸ್ಥಳೀಯ ಸಿಮ್ ಕೊಳ್ಳುವುದು. ಮೂರನೆಯದೇ ಆನ್‌ಲೈನಿನಲ್ಲಿ ಕೊಂಡು, ಕ್ಯೂಆರ್ ಕೋಡ್ ತೋರಿಸಿ ಫೋನಿನೊಳಗೆ ಇಳಿಸಿಕೊಳ್ಳುವ ಪ್ರಯಾಣದ ಇ-ಸಿಮ್. ಮೂವತ್ತು ದಿನಗಳ ಅವಧಿಯ, 10 ಜಿಬಿ ಡೇಟಾದ, 'ಯುರೋಪ್' ಎಂಬ ಹೆಸರಿನ ಪ್ಯಾಕಿಗೆ ನಾನು ಕೊಟ್ಟದ್ದು 1,850 ರೂಪಾಯಿ. ಮುಂದೆ ದೂರೂ ಇರುವುದರಿಂದ ಮಾರಾಟಗಾರರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಪ್ಯಾಕುಗಳನ್ನು ಮಾರುವವರು ಹತ್ತಾರು ಜನರಿದ್ದು, ಅವರೆಲ್ಲರ ಸರಕು ಬಹುಮಟ್ಟಿಗೆ ಒಂದೇ ಬಗೆಯದಾದ್ದರಿಂದ ಓದುಗರಿಗೆ ಇದರಿಂದ ನಷ್ಟವೇನೂ ಇಲ್ಲ.

ಕೊಳ್ಳುವ ಮೊದಲು ಫೋನು ಇ-ಸಿಮ್ ಅನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಬೇಕು. ಕರೆ ಮಾಡುವ ಜಾಗದಲ್ಲಿ *#06# ಒತ್ತಿದಾಗ ಫೋನಿನ ಗುರುತಾದ ಐಎಂಇಐ ಸಂಖ್ಯೆಯ ಜೊತೆಗೆ ಇಐಡಿ ಎಂಬ 32 ಅಂಕಿಗಳ ಸಂಖ್ಯೆಯೂ ಕಂಡರೆ ಫೋನಿನೊಳಗೆ ಇ-ಸಿಮ್‌ನ ಚಿಪ್ ಇದೆಯೆಂದು ಅರ್ಥ. ನನ್ನ ಫೋನಿನಲ್ಲಿ ಅದು ಕಂಡಿತು, ಕಾಕಾ ಅವರ ಹಳೆಯ ಫೋನಿನಲ್ಲಿ ಕಾಣಲಿಲ್ಲ. ಅವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. "ತಮ್ಮಾ, ಸಿಮ್ ಅಂದ್ರ ಕೈಯಾಗ ಹಿಡಿಯೂವಂಗ ಇರಬೇಕು. ಕಣ್ಣಿಗೆ ಕಾಣದ್ದಕ್ಕ ರೊಕ್ಕ ಯಾಕ ಕೊಡತಿ?" ಎಂದು ಹೇಳಿ, ತಾವು ಅಲ್ಲಿಗೇ ಹೋಗಿ ಕೊಳ್ಳುವುದಾಗಿ ತೀರ್ಮಾನಿಸಿದರು. ಹೀಗಾಗಿ ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ತಾನಾಗಿಯೇ ದೊರೆಯಿತು.

ಹಣ ಕಟ್ಟಿದ ಎರಡೇ ನಿಮಿಷಗಳಲ್ಲಿ ಕ್ಯೂಆರ್ ಕೋಡ್ ಇ-ಮೇಲಿಗೆ ಬಂತು. ಆದರೆ ಇ-ಮೇಲ್ ಬಂದದ್ದು ಯಾವ ಫೋನಿಗೋ, ಕೋಡನ್ನು ಸ್ಕ್ಯಾನ್ ಮಾಡಬೇಕಾದದ್ದೂ ಅದೇ ಫೋನಿನಿಂದ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲಾಗದಂಥ ಪರಿಸ್ಥಿತಿ. ಗೋಗಟೆ ವೃತ್ತದ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಐದು ರೂಪಾಯಿ ಕೊಟ್ಟು ಕಾಗದದ ಮೇಲೆ ಮುದ್ರಿಸಿಕೊಂಡೆ. ಕಾಗದವಿಲ್ಲದ ಸಿಮ್ಮಿಗೆ ಕೊನೆಗೂ ಕಾಗದವೇ ಬೇಕಾಯಿತು. ಮನೆಯ ವೈ-ಫೈನಲ್ಲಿ ಕುಳಿತು ಪ್ರೊಫೈಲ್, ಅಂದರೆ ಇ-ಸಿಮ್‌ನ ಮಾಹಿತಿಯನ್ನು, ಇಳಿಸಿಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಇಳಿಸಿಕೊಳ್ಳುವುದಕ್ಕೇ ಇಂಟರ್ನೆಟ್ ಬೇಕು. ನನ್ನ ಪ್ಯಾಕಿನ ಅವಧಿ ಆರಂಭವಾಗುವುದು ಮಾತ್ರ ಹೊರದೇಶದ ಟವರ್ ಹಿಡಿದ ಮೇಲೆಯೇ. ಸಾಮಾನ್ಯವಾಗಿ ಒಂದು ಕೋಡ್ ಒಂದೇ ಬಾರಿ ಕೆಲಸ ಮಾಡುವುದರಿಂದ, ಪ್ರೊಫೈಲನ್ನು ಕೈತಪ್ಪಿ ಅಳಿಸಿದರೆ ಅದೇ ಕೋಡಿನಿಂದ ಮತ್ತೆ ಪಡೆಯಲಾಗುವುದಿಲ್ಲವೆಂಬ ಎಚ್ಚರಿಕೆಯನ್ನು ಮಾರಾಟಗಾರರು ದಪ್ಪಕ್ಷರಗಳಲ್ಲಿ ಕೊಟ್ಟಿದ್ದರು. ದೇಶಗಳ ಪಟ್ಟಿಯನ್ನೂ ಅಷ್ಟೇ ದಪ್ಪಕ್ಷರಗಳಲ್ಲಿ ಕೊಟ್ಟಿದ್ದರೆ ಚೆನ್ನಾಗಿತ್ತು.

ಇ-ಸಿಮ್ ಕೊಂಡವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಹೊರದೇಶದಲ್ಲಿ ಫೋನಿಗೆ ಎರಡು ಬೇರೆ ಬೇರೆ ಕೆಲಸಗಳಿರುತ್ತವೆ: ದಾರಿ ತೋರಿಸುವುದು ಒಂದು, ನಾವು ನಾವೇ ಎಂದು ಬ್ಯಾಂಕಿಗೆ ಸಾಬೀತುಪಡಿಸುವುದು ಇನ್ನೊಂದು. ನಾನು ಕೊಂಡದ್ದು ಬರೀ ಡೇಟಾದ ಇ-ಸಿಮ್. ಅದಕ್ಕೆ ಕರೆ ಮಾಡುವ ಸಂಖ್ಯೆಯೇ ಇಲ್ಲ, ಆದ್ದರಿಂದ ಅದು ಮಾಡುವುದು ಮೊದಲನೆಯ ಕೆಲಸವನ್ನು ಮಾತ್ರ. ಎರಡನೆಯದಕ್ಕೆ ಊರಿನ ಸಿಮ್ ಜೀವಂತವಾಗಿರಲೇಬೇಕು. ಹೊರಡುವ ಮೊದಲು ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಚಾಲೂ ಮಾಡಿಸಿ, ಹಿಂದಿರುಗುವ ದಿನದವರೆಗೂ ರೀಚಾರ್ಜ್ ಅವಧಿ ಉಳಿಯುವಂತೆ ನೋಡಿಕೊಂಡೆ. ದುಬಾರಿ ಪ್ಯಾಕನ್ನು ಮಾತ್ರ ಹಾಕಿಸಲಿಲ್ಲ. ನನ್ನ ಕಂಪನಿಯ ದರಪಟ್ಟಿಯಂತೆ ರೋಮಿಂಗಿನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಶುಲ್ಕವಿಲ್ಲ, ಆದರೆ ಪ್ಯಾಕ್ ಇಲ್ಲದೆ ಒಳಬರುವ ಕರೆ ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಆದ್ದರಿಂದ ಮನೆಯಲ್ಲಿಯೂ ಕಾರ್ಖಾನೆಯಲ್ಲಿಯೂ ಏನಿದ್ದರೂ ವಾಟ್ಸಾಪ್‌ನಲ್ಲೇ ಕರೆ ಮಾಡಬೇಕೆಂದು ಹೇಳಿಟ್ಟು ಹೊರಟೆವು. ಡೇಟಾ ಬೇರೆ ಸಿಮ್ಮಿನದಾದರೂ ವಾಟ್ಸಾಪ್ ನಮ್ಮ ಹಳೆಯ ಸಂಖ್ಯೆಯಲ್ಲಿಯೇ ಮುಂದುವರಿಯುತ್ತದೆ. ಸಂಖ್ಯೆ ಬದಲಿಸುವುದೇ ಎಂದು ಅದು ಕೇಳಿದರೆ ಬೇಡವೆಂದರೆ ಸಾಕು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಹೊರದೇಶದ ವಹಿವಾಟು ನಾವಾಗಿ ತೆರೆಯುವವರೆಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆಪ್‌ಗೆ ಹೋಗಿ ಅದನ್ನೂ ಊರಿನಲ್ಲಿರುವಾಗಲೇ ತೆರೆದುಕೊಳ್ಳಬೇಕು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್. ವಿಮಾನ ನೆಲ ಮುಟ್ಟಿದ ಕೂಡಲೇ ಏರ್‌ಪ್ಲೇನ್ ಮೋಡ್ ತೆಗೆದೆ. ಇ-ಸಿಮ್‌ನ ಹೆಸರಿನ ಮುಂದೆ ಸಿಗ್ನಲ್ ತುಂಬಿಕೊಂಡರೂ ಒಂದು ಪುಟವೂ ತೆರೆಯಲಿಲ್ಲ. ಹತ್ತು ನಿಮಿಷ ಒದ್ದಾಡಿದ ಮೇಲೆ ಕಾರಣ ಹೊಳೆಯಿತು. ಬಿಲ್ಲು ಬಂದೀತೆಂಬ ಹೆದರಿಕೆಯಿಂದ ನಾನು ಎರಡೂ ಸಿಮ್ಮುಗಳ ಡೇಟಾ ರೋಮಿಂಗ್ ಅನ್ನು ಮುಚ್ಚಿಟ್ಟಿದ್ದೆ. ಆದರೆ ಇಂಥ ಇ-ಸಿಮ್ ಬಹುತೇಕ ಬೇರಾವುದೋ ದೇಶದ ಕಂಪನಿಯದಾಗಿದ್ದು, ಜರ್ಮನಿಯಲ್ಲಿ ತಾನೂ ಅತಿಥಿಯೇ ಆಗಿರುತ್ತದೆ. ಅದಕ್ಕೆ ಡೇಟಾ ರೋಮಿಂಗ್ ತೆರೆದಿರಬೇಕು, ಊರಿನ ಸಿಮ್ಮಿಗೆ ಮುಚ್ಚಿರಬೇಕು. ಜೊತೆಗೆ ಒಂದು ಸಿಮ್ಮಿನಲ್ಲಿ ಡೇಟಾ ಸಿಗದಿದ್ದರೆ ಇನ್ನೊಂದಕ್ಕೆ ಹಾರುವ ಸೌಲಭ್ಯವನ್ನೂ ಮುಚ್ಚಿರಬೇಕು. ಈ ಮೂರು ಗುಂಡಿಗಳ ಬಗ್ಗೆ ಮಾರಾಟಗಾರರ ಸೂಚನಾಪತ್ರದಲ್ಲಿ ಇದ್ದದ್ದು ಒಂದೇ ಸಾಲು. ಒಂದು ಗುಂಡಿ ತಪ್ಪಿದರೆ ಇಂಟರ್ನೆಟ್ ಸಿಗುವುದಿಲ್ಲ, ಇನ್ನೊಂದು ತಪ್ಪಿದರೆ ಸಾವಿರಗಟ್ಟಲೆ ರೂಪಾಯಿ ಕೈಬಿಡುತ್ತದೆ. ಅಷ್ಟು ದೊಡ್ಡ ವ್ಯತ್ಯಾಸಕ್ಕೆ ಒಂದು ಸಾಲು ಸಾಲದು.

ಸರಿಪಡಿಸಿದ ಮೇಲೆ ಎಲ್ಲವೂ ಸುಗಮವಾಯಿತು, ಆದರೆ ಹುಡುಕಿದ ಮೊದಲ ಪುಟವೇ ಪೋಲಿಷ್ ಭಾಷೆಯಲ್ಲಿ ತೆರೆದುಕೊಂಡಿತು. ಅತಿಥಿ ಸಿಮ್ಮಿನ ಇಂಟರ್ನೆಟ್ ಸಾಮಾನ್ಯವಾಗಿ ತನ್ನ ತವರಿನ ಕಂಪನಿಯ ಮೂಲಕವೇ ಸುತ್ತಿಕೊಂಡು ಬರುವುದರಿಂದ, ಫ್ರಾಂಕ್‌ಫರ್ಟಿನಲ್ಲಿ ನಿಂತ ನನ್ನನ್ನು ಜಾಲತಾಣಗಳು ಪೋಲೆಂಡಿನವನೆಂದು ತಿಳಿದವು. ಈ ಸುತ್ತುಬಳಸಿನಿಂದ ಪುಟ ತೆರೆಯುವುದು ಅರೆಕ್ಷಣ ತಡವಾಗುತ್ತದೆಯಾದರೂ ನಕ್ಷೆ ನೋಡುವುದಕ್ಕಾಗಲಿ ಸಂದೇಶ ಕಳುಹಿಸುವುದಕ್ಕಾಗಲಿ ಅದು ಅಡ್ಡಿಯಲ್ಲ.

ಕಾಕಾ ಅವರ ಸಿಮ್ ಕಥೆ ಹ್ಯಾನೋವರ್‌ನಲ್ಲಿ ಆರಂಭವಾಯಿತು. ಜರ್ಮನಿಯಲ್ಲಿ 2017ರ ಜುಲೈನಿಂದ ಪ್ರಿಪೇಯ್ಡ್ ಸಿಮ್ ಕೊಳ್ಳುವವರ ಗುರುತಿನ ಪರಿಶೀಲನೆ ಕಡ್ಡಾಯವಾಗಿದೆ. ಅಂಗಡಿಗಳಲ್ಲಿ ಸಿಮ್ಮಿನ ಪೊಟ್ಟಣ ಹಾಲಿನ ಪಕ್ಕದಲ್ಲೇ ಸಿಗಬಹುದು, ಆದರೆ ಅದು ಚಾಲೂ ಆಗಬೇಕಾದರೆ ವೀಡಿಯೊ ಕರೆಯಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಪಾಸ್‌ಪೋರ್ಟ್ ತೋರಿಸಬೇಕು. ಕೇಂದ್ರ ರೈಲು ನಿಲ್ದಾಣದ ಹತ್ತಿರದ ಫೋನ್ ಅಂಗಡಿಯೊಂದರಲ್ಲಿ ಎದುರಿಗೇ ಪಾಸ್‌ಪೋರ್ಟ್ ನೋಡಿ, ಹೋಟೆಲಿನ ವಿಳಾಸ ಬರೆದುಕೊಂಡು, ಇಪ್ಪತ್ತು ಯೂರೋ ಪಡೆದು ಸಿಮ್ ಕೊಟ್ಟರು. ಅದು ಜೀವ ತಳೆದದ್ದು ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಕಾಕಾ ನನ್ನ ಹಾಟ್‌ಸ್ಪಾಟ್‌ನಲ್ಲಿಯೇ ಕಾಕಿಯವರೊಡನೆ ವೀಡಿಯೊ ಕರೆ ಮಾಡಿ, ಕಣ್ಣಿಗೆ ಕಾಣದ ಸಿಮ್ಮಿನ ಋಣಕ್ಕೆ ಬಿದ್ದರು. ಆದರೂ ಒಂದು ಅನುಕೂಲ ಅವರಿಗೆ ದೊರೆಯಿತು: ಅವರ ಬಳಿ ಜರ್ಮನಿಯ ಒಂದು ಸಂಖ್ಯೆಯಿತ್ತು. ಮೇಳದ ಮಳಿಗೆಗಳಲ್ಲಿ ಭೇಟಿಯಾದವರು ಆ ಸಂಖ್ಯೆಗೆ ನೇರವಾಗಿ ಕರೆ ಮಾಡಿದರು. ನನ್ನ ಭಾರತೀಯ ಸಂಖ್ಯೆಗೆ ಯಾರೂ ಮಾಡಲಿಲ್ಲ. ವ್ಯಾಪಾರಕ್ಕೆ ಹೋಗುವವರು ಇದನ್ನು ಗಮನಿಸಬೇಕು.

ಹ್ಯಾನೋವರ್‌ನಲ್ಲಿ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಕೇಂದ್ರ ನಿಲ್ದಾಣದ ಕೆಳಗಿನಿಂದ ಹೊರಡುವ 8ನೇ ಸಂಖ್ಯೆಯ ಟ್ರಾಮ್ ಮೇಳದ ಉತ್ತರ ದ್ವಾರಕ್ಕೆ ನೇರವಾಗಿ ಒಯ್ಯುತ್ತದೆ. ಮೇಳದ ಸಭಾಂಗಣಗಳೊಳಗೆ ಮಾತ್ರ, ಸಾವಿರಾರು ಫೋನುಗಳು ಒಟ್ಟಿಗೆ ಸೇರುವ ಮಧ್ಯಾಹ್ನದ ಹೊತ್ತಿಗೆ, ನಮ್ಮ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಆಗುವಂತೆ ಸಿಗ್ನಲ್ ಇದ್ದೂ ಇಲ್ಲದಂತಾಗುತ್ತಿತ್ತು. ಸ್ಥಳೀಯ ಸಿಮ್ ಅಂಥ ವೇಳೆಯಲ್ಲಿ ನನ್ನದಕ್ಕಿಂತ ಸ್ವಲ್ಪ ಮೇಲಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮೇಳದ ನಾಲ್ಕನೆಯ ದಿನ ಫ್ರೈಬುರ್ಗ್‌ಗೆ ರೈಲಿನ ಟಿಕೆಟ್ ತೆಗೆಯುವಾಗ ಊರಿನ ಸಿಮ್ಮಿನ ಬೆಲೆ ತಿಳಿಯಿತು. ಡಿಬಿ ನ್ಯಾವಿಗೇಟರ್ ಎಂಬ ಜರ್ಮನ್ ರೈಲ್ವೆಯ ಆಪ್‌ನಲ್ಲಿ ಕಾರ್ಡಿನ ವಿವರ ತುಂಬಿದ ಕೂಡಲೇ ನಮ್ಮ ಬ್ಯಾಂಕಿನ ಪುಟ ತೆರೆದು ಓಟಿಪಿ ಕೇಳಿತು, ಊರಿನ ಸಂಖ್ಯೆಗೆ ಅದು ಇಪ್ಪತ್ತು ಸೆಕೆಂಡುಗಳಲ್ಲಿ ಬಂತು. ಒಂದೇ ಸಿಮ್ ಹಿಡಿಯುವ ಫೋನಿನಿಂದ ಭಾರತದ ಸಿಮ್ಮನ್ನು ತೆಗೆದು, ಜರ್ಮನಿಯದನ್ನು ಹಾಕಿಕೊಂಡಿದ್ದ ಕಾಕಾ ಅವರ ಕಾರ್ಡು ಮಾತ್ರ ಕೆಲಸಕ್ಕೆ ಬರಲಿಲ್ಲ. ಪ್ರತಿ ಓಟಿಪಿಗೂ ಸೂಜಿ ಹಿಡಿದು ಸಿಮ್ ಬದಲಿಸುವಷ್ಟು ತಾಳ್ಮೆ ಅವರಿಗಿರಲಿಲ್ಲ. ಎರಡೂ ಟಿಕೆಟ್ಟುಗಳನ್ನು ನಾನೇ ತೆಗೆದೆ. ಆ ಆಪ್‌ನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಪ್ಲಾಟ್‌ಫಾರಂ ಬದಲಾದುದನ್ನು ಅದು ಧ್ವನಿವರ್ಧಕದ ಜರ್ಮನ್ ಪ್ರಕಟಣೆಗಿಂತ ಮೊದಲೇ ನಮಗೆ ತಿಳಿಸಿತು. ಹ್ಯಾನೋವರ್‌ನಿಂದ ದಕ್ಷಿಣಕ್ಕೆ ಸಾಗುವ ವೇಗದ ರೈಲುಮಾರ್ಗ ಗುಡ್ಡಗಳನ್ನು ಕೊರೆದು ಹಾಕಿದ ಸುರಂಗಗಳಿಂದ ತುಂಬಿದ್ದು, ಲೋಂಡಾ ದಾಟಿ ಕ್ಯಾಸಲ್‌ರಾಕ್ ಕಡೆಗೆ ಹೋಗುವಾಗ ಆಗುವಂತೆ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ರೈಲಿನ ಉಚಿತ ವೈ-ಫೈ ಅಲ್ಲಿ ನೆರವಿಗೆ ಬಂತು.

ಫ್ರೈಬುರ್ಗ್‌ನಿಂದ ಒಂದು ಭಾನುವಾರ ಕೇಲ್ ಎಂಬ ಗಡಿಯ ಊರಿಗೆ ಹೋಗಿ, ಅಲ್ಲಿಂದ ಟ್ರಾಮಿನಲ್ಲಿಯೇ ರೈನ್ ನದಿಯನ್ನು ದಾಟಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನೋಡಿ ಬಂದೆವು. ಸೇತುವೆಯ ಮೇಲೆ ಇಬ್ಬರ ಫೋನುಗಳೂ ಜರ್ಮನಿಯ ಟವರ್ ಬಿಟ್ಟು ಫ್ರಾನ್ಸಿನದನ್ನು ಹಿಡಿದವು, ಅಷ್ಟೇ. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ 2017ರ ಜೂನ್ 15ರಿಂದ ರೋಮಿಂಗಿನ ಹೆಚ್ಚುವರಿ ದರ ರದ್ದಾಗಿರುವುದರಿಂದ ಕಾಕಾ ಅವರ ಜರ್ಮನ್ ಸಿಮ್ ಕೂಡ ಏನನ್ನೂ ಕೇಳಲಿಲ್ಲ. ಬೇಕರಿಯೊಂದರಲ್ಲಿ ಕಾಕಾ ಅಭ್ಯಾಸಬಲದಿಂದ ಫೋನ್ ಹೊರತೆಗೆದು "ಸ್ಕ್ಯಾನರ್ ಎಲ್ಲೈತಿ?" ಎಂದು ಕೇಳಿದ್ದು ಮಾತ್ರ ನೆನಪಾದಾಗಲೆಲ್ಲ ನಗೆ ಬರಿಸುತ್ತದೆ, ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೆ 2024ರಿಂದ ಯುಪಿಐ ನಡೆಯುತ್ತದೆಯಾದರೂ ಆ ಬೇಕರಿಯವಳಿಗೆ ಅದು ಗೊತ್ತಿರಲಿಲ್ಲ.

ಈ ಸಲೀಸಾದ ಗಡಿದಾಟುವಿಕೆಯೇ ಎರಡು ದಿನಗಳ ನಂತರ ನನ್ನನ್ನು ಮೋಸಗೊಳಿಸಿತು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾ ಸ್ವಿಟ್ಜರ್ಲೆಂಡಿಗೂ ನಡೆಯುತ್ತದೆ, ಪ್ರಯಾಣ ವಿಮೆಯೂ ನಡೆಯುತ್ತದೆ, ಆದ್ದರಿಂದ ಸಿಮ್ಮೂ ನಡೆಯುತ್ತದೆ ಎಂದು ನಾನು ನಂಬಿದ್ದೆ. ಆದರೆ ವೀಸಾದ ಒಪ್ಪಂದ ಬೇರೆ, ದೂರವಾಣಿಯ ಒಪ್ಪಂದ ಬೇರೆ. ಸ್ವಿಟ್ಜರ್ಲೆಂಡ್ 2008ರಲ್ಲಿ ಷೆಂಗೆನ್ ವಲಯಕ್ಕೆ ಸೇರಿತೇ ಹೊರತು ಯುರೋಪಿಯನ್ ಒಕ್ಕೂಟಕ್ಕೆ ಸೇರಿಲ್ಲ. ರೋಮಿಂಗಿನ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಗಡಿಯಲ್ಲಿ ಮನುಷ್ಯನನ್ನು ಯಾರೂ ತಡೆಯದಿದ್ದರೂ ಅವನ ಜೇಬಿನಲ್ಲಿರುವ ಫೋನನ್ನು ತಡೆಯುತ್ತಾರೆ.

ಬಾಸೆಲ್‌ನಲ್ಲಿ ಈ ಗೊಂದಲ ಇನ್ನಷ್ಟು ವಿಚಿತ್ರವಾಗಿದೆ. ನಾವು ಇಳಿದ ಬಾಡಿಶರ್ ಬಾನ್‌ಹೋಫ್ ಎಂಬ ನಿಲ್ದಾಣವನ್ನು ನಡೆಸುವುದು ಜರ್ಮನಿಯ ರೈಲ್ವೆ, ಆದರೆ ಅದು ನಿಂತಿರುವುದು ಸ್ವಿಸ್ ನೆಲದ ಮೇಲೆ. ಫಲಕಗಳು ಜರ್ಮನ್, ರೈಲು ಜರ್ಮನ್, ಟವರ್ ಮಾತ್ರ ಸ್ವಿಸ್. ನನ್ನ ಫೋನಿನಲ್ಲಿ ಇ-ಸಿಮ್‌ನ ಮುಂದೆ 'ಸೇವೆ ಇಲ್ಲ' ಎಂದು ಮೂಡಿತು. ಕಾಕಾ ಅವರ ಫೋನು ಸ್ವಿಸ್ ಟವರ್ ಹಿಡಿದು ಸಂತೋಷದಿಂದಲೇ ಕೆಲಸ ಮಾಡಿತು, ಏಕೆಂದರೆ ಅವರ ಡೇಟಾ ರೋಮಿಂಗ್ ತೆರೆದಿತ್ತು. ಬೆಳಗಾವಿಯಿಂದ ಬಂದ ಫೋಟೊಗಳು ಇಳಿದು ಮುಗಿಯುವಷ್ಟರಲ್ಲಿ ಖಾತೆಯಲ್ಲಿದ್ದ ಒಂಬತ್ತು ಯೂರೋ ಸೊನ್ನೆಗೆ ಬಂತು. ಪ್ರಿಪೇಯ್ಡ್ ಆದ್ದರಿಂದ ನಷ್ಟ ಅಲ್ಲಿಗೇ ನಿಂತಿತು. "ನಿಂದು ಚಲೋ ಆತು ನೋಡು, ಏನೂ ತಿನ್ನಲಿಲ್ಲ, ಏನೂ ಕೊಡಲಿಲ್ಲ" ಎಂದರು ಕಾಕಾ. ಜರ್ಮನಿಯ ಕೆಲವು ಕಂಪನಿಗಳು ಸ್ವಿಟ್ಜರ್ಲೆಂಡನ್ನೂ ತಮ್ಮ ಯೋಜನೆಗೆ ಸೇರಿಸಿಕೊಳ್ಳುತ್ತವೆ. ಅವರು ಕೊಂಡದ್ದು ಅಂಥದ್ದಾಗಿರಲಿಲ್ಲ.

ಹೊಸ ಪ್ಯಾಕ್ ಕೊಳ್ಳೋಣವೆಂದರೆ ಅದಕ್ಕೂ ಇಂಟರ್ನೆಟ್ ಬೇಕು. ಯಂತ್ರ ತೋರಿಸುವವರು ಕಾಯುತ್ತಿದ್ದದ್ದು ನದಿಯಾಚೆಯ ಇನ್ನೊಂದು ದೊಡ್ಡ ನಿಲ್ದಾಣದ ಬಳಿ. ಗೂಗಲ್ ನಕ್ಷೆಯನ್ನು ಊರಿನಲ್ಲಿಯೇ ಇಳಿಸಿಕೊಂಡಿದ್ದೆನಾದರೂ, ಇಂಟರ್ನೆಟ್ ಇಲ್ಲದಾಗ ಅದು ಕಾರಿನ ದಾರಿಯನ್ನು ಮಾತ್ರ ತೋರಿಸುತ್ತದೆ. ನಡೆಯುವ ದಾರಿಯಾಗಲಿ ಟ್ರಾಮಿನ ದಾರಿಯಾಗಲಿ ಸಿಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಮಾಹಿತಿಯಿಂದ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆಪ್‌ನಲ್ಲಿ ಬಾಸೆಲ್‌ನ ನಕ್ಷೆ ಇಳಿಸಿದ್ದು ಆಗ ಕೈಹಿಡಿಯಿತು. ಉಪಗ್ರಹದಿಂದ ಜಿಪಿಎಸ್ ಪಡೆಯಲು ಸಿಮ್ಮೂ ಬೇಡ, ಡೇಟಾವೂ ಬೇಡ. ಡೇಟಾ ಇಲ್ಲದಿದ್ದರೆ ಮೊದಲ ಸಲ ಸ್ಥಳ ಹಿಡಿಯುವುದು ಕೊಂಚ ನಿಧಾನವಾಗುತ್ತದೆ, ಅಷ್ಟೇ. ನೀಲಿ ಚುಕ್ಕೆಯನ್ನು ಹಿಂಬಾಲಿಸಿ, ರೈನ್ ನದಿಯ ಸೇತುವೆ ದಾಟಿ, ಮುಕ್ಕಾಲು ಗಂಟೆ ನಡೆದು ತಲುಪಿದೆವು. ದಾರಿಯಲ್ಲಿ ಒಂದು ಕೆಫೆಯ ವೈ-ಫೈ ಹಿಡಿದು, ಅದೇ ಮಾರಾಟಗಾರರಿಂದ ಸ್ವಿಟ್ಜರ್ಲೆಂಡಿನ 1 ಜಿಬಿ ಪ್ಯಾಕನ್ನು 420 ರೂಪಾಯಿಗೆ ಕೊಂಡೆ. ಕಾಫಿಯ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು.

ಸಂಜೆ ಫ್ರೈಬುರ್ಗ್‌ಗೆ ಮರಳಿ ಮಾರಾಟಗಾರರ ಚಾಟ್‌ಗೆ ದೂರು ಬರೆದೆ. ಐದು ಗಂಟೆಗಳ ನಂತರ ಬಂದ ಉತ್ತರದಲ್ಲಿ ದೇಶಗಳ ಪಟ್ಟಿ ಪ್ಯಾಕಿನ ಪುಟದಲ್ಲಿಯೇ ಇದೆ ಎಂದಿತ್ತು. ಹೋಗಿ ನೋಡಿದೆ; ಇತ್ತು. ಬೆಲೆಯ ಕೆಳಗಿನ ಸಣ್ಣ ಬಾಣದ ಗುರುತನ್ನು ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ಒಕ್ಕೂಟದ ದೇಶಗಳೆಲ್ಲ ಇದ್ದವು, ಸ್ವಿಟ್ಜರ್ಲೆಂಡೂ ಬ್ರಿಟನ್ನೂ ಇರಲಿಲ್ಲ. ಅವುಗಳನ್ನೂ ಸೇರಿಸಿದ ಬೇರೊಂದು ಪ್ಯಾಕ್ ಇನ್ನೂರೈವತ್ತು ರೂಪಾಯಿ ಹೆಚ್ಚಿನ ಬೆಲೆಗೆ ಅದರ ಕೆಳಗೇ ಇತ್ತು. ಓದದೆ ಕೊಂಡದ್ದು ನನ್ನ ತಪ್ಪು. ಅರ್ಧ ಖಂಡಕ್ಕೆ ಇಡೀ ಖಂಡದ ಹೆಸರಿಟ್ಟು ಮಾರಿದ್ದು ಅವರದು.

ಹದಿನಾರು ದಿನಗಳಲ್ಲಿ ನಾನು ಬಳಸಿದ್ದು 6.4 ಜಿಬಿ. ಅದರಲ್ಲಿ ದಾರಿ ಹುಡುಕಿದ್ದಕ್ಕೆ ಹೋದದ್ದು ಅತ್ಯಲ್ಪ. ಹೆಚ್ಚಿನದನ್ನು ತಿಂದದ್ದು ಮನೆಗೆ ಮಾಡಿದ ವೀಡಿಯೊ ಕರೆಗಳು ಮತ್ತು ಮೊದಲ ದಿನ ಕಾಕಾ ಅವರಿಗೆ ಕೊಟ್ಟ ಹಾಟ್‌ಸ್ಪಾಟ್. ಏಪ್ರಿಲ್‌ನಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ, ಇಲ್ಲಿಯ ಬೆಳಗಿನ ಹತ್ತಕ್ಕೆ ಸಾಲ ಬೇಕೇ ಎಂದು ಕೇಳುವವರ ಕರೆ ಅಲ್ಲಿ ಆರೂವರೆಗೆ ಬರುತ್ತದೆ. ಅರೆನಿದ್ದೆಯಲ್ಲಿ ಒಮ್ಮೆ ಎತ್ತಿಬಿಟ್ಟ ಅಂಥ ಒಂದು ನಿಮಿಷಕ್ಕೆ ಊರಿನ ಸಿಮ್ಮಿನಿಂದ ಕಡಿತವಾದ ಹಣವೇ, ಇಡೀ ಪ್ರಯಾಣದಲ್ಲಿ ರೋಮಿಂಗಿಗೆಂದು ನಾನು ತೆತ್ತ ಒಟ್ಟು ದಂಡ.

ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ಉಳಿಯುವವರಿಗೆ, ಅಲ್ಲಿಯವರಿಂದ ಕರೆಗಳನ್ನು ನಿರೀಕ್ಷಿಸುವವರಿಗೆ ಕಾಕಾ ಅವರ ದಾರಿಯೇ ಲೇಸು, ಎರಡು ಸಿಮ್ ಹಿಡಿಯುವ ಫೋನಿದ್ದರೆ. ವಯಸ್ಸಾದ ತಂದೆತಾಯಿಯನ್ನು ಒಂಟಿಯಾಗಿ ಮಕ್ಕಳ ಬಳಿಗೆ ಕಳುಹಿಸುವವರು ದುಬಾರಿಯಾದರೂ ಊರಿನ ಕಂಪನಿಯ ರೋಮಿಂಗ್ ಪ್ಯಾಕನ್ನೇ ಹಾಕಿಸಿಕೊಡಲಿ. ಆ ಮೂರು ಗುಂಡಿಗಳ ಲೆಕ್ಕವನ್ನು ವಿಮಾನ ನಿಲ್ದಾಣದಲ್ಲಿ ಅವರಿಂದ ಮಾಡಿಸುವುದು ಬೇಡ. ನನ್ನಂತೆ ಎರಡು ವಾರ ನಾಲ್ಕಾರು ಊರು ಸುತ್ತುವವರಿಗೆ ಇ-ಸಿಮ್ ಸಾಕು, ಮತ್ತು ಮುಂದಿನ ಸಲವೂ ನಾನು ಇದನ್ನೇ ಕೊಳ್ಳುತ್ತೇನೆ, ಇನ್ನೂರೈವತ್ತು ರೂಪಾಯಿ ಹೆಚ್ಚಿನದನ್ನು. ಕಾಕಾ ಮಾತ್ರ ತಮ್ಮ ಜರ್ಮನ್ ಸಿಮ್ಮನ್ನು ಪಾಸ್‌ಪೋರ್ಟಿನ ಕೊನೆಯ ಪುಟಕ್ಕೆ ಸೆಲೋಟೇಪಿನಿಂದ ಅಂಟಿಸಲು ಹೊರಟಿದ್ದರು. ಪಾಸ್‌ಪೋರ್ಟಿಗೆ ಏನನ್ನೂ ಅಂಟಿಸಬಾರದೆಂದು ಹೇಳಿ ಅದನ್ನು ಮೇಳದ ಪ್ರವೇಶಪತ್ರದ ಹಿಂಬದಿಗೆ ಅಂಟಿಸಿಕೊಟ್ಟಿದ್ದೇನೆ.